ಬಂಡೆಪ್ಪನವರ ಈಜಿಪ್ಟ್ ಡ್ಯೂಟಿ

ನಿವೃತ್ತರಾದವರನ್ನು ಕಂಡರೆ ಲೋಕ ಕೇಳುವುದು ಒಂದೇ ಪ್ರಶ್ನೆ: ಈಗ ಏನು ಮಾಡುತ್ತಿದ್ದೀರಿ? ಉತ್ತರ ಗೊತ್ತಿದ್ದೇ ಕೇಳುತ್ತಾರೆ, ರುಚಿಯೆಲ್ಲ ಅದರಲ್ಲೇ ಇದೆ. ಕೂಕಟ್‌ಪಲ್ಲಿಯ ಒಂದು ಅಪಾರ್ಟ್‌ಮೆಂಟಿನ ಮೂರನೆಯ ಮಹಡಿಯಲ್ಲಿರುವ ಬಂಡೆಪ್ಪನವರಿಗೆ ಈ ಪ್ರಶ್ನೆ ಲಿಫ್ಟಿನಲ್ಲಿ, ತರಕಾರಿ ಗಾಡಿಯ ಮುಂದೆ, ಮೆಟ್ರೊ ಮೆಟ್ಟಿಲ ಮೇಲೆ ಎದುರಾಗಿತ್ತು. ಹಲ್ಲಿನ ಡಾಕ್ಟರಂತೂ ಅವರ ಬಾಯೊಳಗೆ ಇಕ್ಕಳ ಇಟ್ಟುಕೊಂಡೇ ಕೇಳಿದ್ದರು. ಆಗ ಮಾತ್ರ ಬಂಡೆಪ್ಪನವರಿಗೆ ಉತ್ತರ ಕೊಡುವ ಕಷ್ಟ ತಪ್ಪಿತ್ತು.

ಹುಮನಾಬಾದ ಕಡೆಯ ಬಂಡೆಪ್ಪನವರು ಹೈದರಾಬಾದಿನ ಒಂದು ರಕ್ಷಣಾ ಕಾರ್ಖಾನೆಯ ಗೇಟ್ ಪಾಸ್ ವಿಭಾಗದಲ್ಲಿ ಮೂವತ್ಮೂರು ವರ್ಷ ಕೂತವರು. ಯಾವ ಕಾರ್ಖಾನೆ ಎಂದು ಕೇಳಬೇಡಿ. ಅಲ್ಲಿ ದುಡಿದವರೇ ಹೇಳುವುದಿಲ್ಲ, ನಾವ್ಯಾಕೆ ಹೇಳೋಣ. ಅಲ್ಲಿನ ನೌಕರರ ಕ್ವಾರ್ಟರ್ಸಿನ ರಿವಾಜೇ ಹಾಗೆ. ಪಕ್ಕದ ಮನೆಯವನು ಒಳಗೆ ಕ್ಷಿಪಣಿ ಮಾಡುತ್ತಾನೋ ಮೊಳೆ ಮಾಡುತ್ತಾನೋ ಯಾರೂ ಕೇಳಬಾರದು, ಕೇಳಿದರೆ ಯಾರೂ ಹೇಳಬಾರದು. ಇಪ್ಪತ್ತು ವರ್ಷ ಬಾಯಿ ಬಿಡದೆ ಓಡಾಡಿದ ಒಬ್ಬರನ್ನು ಇಡೀ ಕಾಲನಿ ರಾಕೆಟ್ ತಜ್ಞರೆಂದೇ ನಂಬಿತ್ತು. ನಿವೃತ್ತಿಯ ದಿನ ನೋಡಿದರೆ ಅವರು ಕ್ಯಾಂಟೀನಿನ ಕುರ್ಚಿ ರಿಪೇರಿ ಮಾಡುತ್ತಿದ್ದವರು. ಹಾಗಂತ ಅವರ ಮೇಲಿನ ಗೌರವ ಒಂದು ಗುಂಜಿಯೂ ಕಡಿಮೆಯಾಗಲಿಲ್ಲ. ಈಗ ಬಂಡೆಪ್ಪನವರ ಅಪಾರ್ಟ್‌ಮೆಂಟಿನಲ್ಲಿ ಅರ್ಧ ಜನ ಇದೇ ಕ್ವಾರ್ಟರ್ಸು ಬಿಟ್ಟು ಬಂದವರು. ರಿವಾಜನ್ನು ಮಂಚ, ಬೀರುವಿನ ಜೊತೆಗೇ ಗಾಡಿಯಲ್ಲಿ ಹೇರಿಕೊಂಡು ಬಂದಿದ್ದರು.

ಬಂಡೆಪ್ಪನವರ ಒಬ್ಬಳೇ ಮಗಳು ಅನುರಾಧಾ ಕೊಂಡಾಪುರದ ಒಂದು ದೊಡ್ಡ ಆಫೀಸಿನಲ್ಲಿದ್ದಳು. ಮೂರು ವರ್ಷದ ಹಿಂದೆ ಅದನ್ನು ಬಿಟ್ಟು, ಮಾನಸಾ ಮತ್ತು ನಿಶಾಂತ ಎಂಬ ಇಬ್ಬರು ಗೆಳೆಯರ ಜೊತೆ ಅಲ್ಲೇ ಹತ್ತಿರ ಒಂದು ಕೋಣೆ ಹಿಡಿದು ಕಂಪ್ಯೂಟರಿನಲ್ಲಿ ಆಡುವ ಒಂದು ಆಟ ಮಾಡತೊಡಗಿದಳು. ಅದರ ಹೆಸರು ‘ಹನ್ನೆರಡು ಬಾಗಿಲು’. ನಾಲ್ಕು ಸಾವಿರ ವರ್ಷದ ಹಿಂದಿನ ಈಜಿಪ್ಟಿನಲ್ಲಿ ಒಬ್ಬ ಕುಂಬಾರಗಿತ್ತಿ ಸಾಯುತ್ತಾಳೆ. ಸತ್ತವರ ಲೋಕದ ಕಪ್ಪು ಹೊಳೆಯಲ್ಲಿ ದೋಣಿ ಹತ್ತಿ ಹೊರಡುತ್ತಾಳೆ. ದಾರಿಯಲ್ಲಿ ಹನ್ನೆರಡು ಬಾಗಿಲು, ಒಂದೊಂದಕ್ಕೂ ಒಬ್ಬ ಕಾವಲುಗಾರ, ಅವರೆಲ್ಲರ ಮೇಲೆ ಹದ್ದಿನ ಮುಖದ, ನರಿಯ ಮುಖದ ದೇವರುಗಳು. ಆಡುವವರೇ ಆ ಕುಂಬಾರಗಿತ್ತಿ ಆಗಿ, ಕೇಳಿದ್ದಕ್ಕೆ ಉತ್ತರ ಆರಿಸಿ ಆರಿಸಿ ದಾಟಿಕೊಂಡು ಬೆಳಗಿನ ಸೂರ್ಯನನ್ನು ಮುಟ್ಟಬೇಕು. ಕತ್ತಿಯಿಲ್ಲ, ಬಂದೂಕಿಲ್ಲ. ಎಲ್ಲ ಮಾತಿನಲ್ಲೇ.

ಬಂಡೆಪ್ಪನವರಿಗೆ ಕಂಪ್ಯೂಟರ್ ಅರ್ಥವಾಗುತ್ತಿರಲಿಲ್ಲ, ಮಗಳು ಅರ್ಥವಾಗುತ್ತಿದ್ದಳು. ಆಟದೊಳಗಿನ ಒಂದು ಗೋಡೆಯ ಮೇಲಿನ ಬಾತುಕೋಳಿಯ ಬಣ್ಣ ಸರಿಬರಲೆಂದು ಆಕೆ ಹನ್ನೊಂದು ದಿನ ಕೂತಿದ್ದನ್ನು ಅವರು ಕಂಡಿದ್ದರು. ಸತ್ತವರಿಗೆ ರೊಟ್ಟಿ ಎಡೆ ಇಡುವ ಪದ್ಧತಿ ಆ ಊರಲ್ಲೂ ಇತ್ತಂತೆ ಎಂದು ಆಕೆ ಹೇಳಿದಾಗಿನಿಂದ ಈಜಿಪ್ಟಿನವರು ಅವರಿಗೆ ಬೀಗರ ಕಡೆಯವರೇ ಆಗಿಬಿಟ್ಟಿದ್ದರು. ನಮ್ಮ ಹುಡುಗಿ ಸಾಮಾನ್ಯಳಲ್ಲ ಎಂದು ಹೆಂಡತಿ ಸಾವಿತ್ರಿಬಾಯಿಯವರ ಮುಂದೆ ದಿನಕ್ಕೆರಡು ಸಲ ಹೇಳದಿದ್ದರೆ ಅವರಿಗೆ ಅನ್ನ ಕರಗುತ್ತಿರಲಿಲ್ಲ.

ಎಲ್ಲ ಬಾಗಿಲಿಗೂ ಧ್ವನಿ ಸಿಕ್ಕಿತ್ತು, ಮೂರನೆಯ ಬಾಗಿಲಿಗೆ ಮಾತ್ರ ಸಿಕ್ಕಿರಲಿಲ್ಲ. ಬಂದ ಕಲಾವಿದರೆಲ್ಲ ಬಯಲಾಟದ ರಾಕ್ಷಸರ ಹಾಗೆ ಗುಡುಗಿ ಹೋದರು. ಒಂದು ಭಾನುವಾರ ಅನುರಾಧಾ ಮನೆಯಲ್ಲಿದ್ದಾಗ ಪಾರ್ಸೆಲ್ ತಂದವನೊಬ್ಬನನ್ನು ಬಂಡೆಪ್ಪನವರು ಹೊಸ್ತಿಲಲ್ಲೇ ನಿಲ್ಲಿಸಿ, ಯಾರು, ಎಲ್ಲಿಂದ, ಯಾರ ಕಡೆ ಎಂದು ವಿಚಾರಿಸುತ್ತಿದ್ದರು. ದನಿ ಎತ್ತರಿಸಿರಲಿಲ್ಲ. ಆದರೂ ಅವನು ತನ್ನ ಊರು, ತಂದೆಯ ಹೆಸರು, ಹತ್ತನೇ ಇಯತ್ತೆಯಲ್ಲಿ ಒಮ್ಮೆ ಫೇಲಾದದ್ದು ಎಲ್ಲವನ್ನೂ ಹೇಳಿಬಿಟ್ಟ. ಅನುರಾಧಾ ಓಡಿಹೋಗಿ ಮೊಬೈಲಿನಲ್ಲಿ ರೆಕಾರ್ಡಿಂಗ್ ಒತ್ತಿದಳು. ಮುಂದಿನ ವಾರ ಅಪ್ಪನನ್ನು ಕೊಂಡಾಪುರದ ಕೋಣೆಗೆ ಕರೆದೊಯ್ದು ಎರಡು ದಿನ ಮಾತಾಡಿಸಿದಳು. ಈಜಿಪ್ಟಿನ ಕಾವಲುಗಾರ ಹುಮನಾಬಾದಿನ ಕನ್ನಡ ಆಡಿದರೆ ನಡೆಯುತ್ತದೆಯೇ ಎಂದು ಮಾನಸಾ ಕೇಳಿದ್ದಕ್ಕೆ, ಸತ್ತ ಮೇಲೆ ಎಲ್ಲರಿಗೂ ಎಲ್ಲ ಭಾಷೆ ತಿಳಿಯುತ್ತದೆ ಎಂದು ಬಂಡೆಪ್ಪನವರೇ ತೀರ್ಪು ಕೊಟ್ಟರು.

ಇಲ್ಲಿಯತನಕ ಎಲ್ಲ ಚೆಂದ. ಕೆಟ್ಟದ್ದು ಲಿಫ್ಟಿನಲ್ಲಿ.

ಅಪಾರ್ಟ್‌ಮೆಂಟಿನ ಕಾರ್ಯದರ್ಶಿ ನರ್ಸಿಂಗರಾವ್ ಒಳ್ಳೆಯ ಮನುಷ್ಯ. ಖಾಲಿ ಕೂತವರನ್ನು ಕಂಡರೆ ಮಾತ್ರ ಅವರಿಗೆ ತಡೆಯದು. ಅವತ್ತು ಲಿಫ್ಟಿನಲ್ಲಿ ಬಂಡೆಪ್ಪನವರ ಹೆಗಲ ಮೇಲೆ ಕೈ ಹಾಕಿ, ಹೇಗೂ ಖಾಲಿ ಇದ್ದೀರಿ, ದಿನಾ ಬೆಳಿಗ್ಗೆ ಸಂಜೆ ನೀರಿನ ಮೋಟಾರು ಹಾಕಿ ಆರಿಸುವ ಜವಾಬ್ದಾರಿ ನಿಮ್ಮದೇ ಎಂದು ತೆಲುಗು, ಹಿಂದಿ ಎರಡರಲ್ಲೂ ಹೇಳಿದರು. ಲಿಫ್ಟಿನಲ್ಲಿ ಇನ್ನೂ ನಾಲ್ಕು ಜನರಿದ್ದರು. ಮೂವತ್ಮೂರು ವರ್ಷ ಜನರಲ್ ಮ್ಯಾನೇಜರರ ಕಾರನ್ನು ಕೈಯೆತ್ತಿ ನಿಲ್ಲಿಸಿದ ಮನುಷ್ಯನಿಗೆ ಮೋಟಾರಿನ ಗುಂಡಿ. ಬಂಡೆಪ್ಪನವರು ಮೀಸೆ ತೀಡಿಕೊಂಡರು. ಬಿಡುವಿಲ್ಲ, ಈಜಿಪ್ಟಿನಲ್ಲಿ ಗೇಟ್ ಡ್ಯೂಟಿ ಸಿಕ್ಕಿದೆ ಎಂದರು. ಅಷ್ಟಕ್ಕೇ ನಿಲ್ಲಿಸಿದ್ದರೆ ಇನ್ನೂ ಬಚಾವಾಗುತ್ತಿದ್ದರು. ಎರಡು ವರ್ಷದ ಕಾಂಟ್ರಾಕ್ಟು, ಅವರೇ ಹುಡುಕಿಕೊಂಡು ಬಂದರು ಎಂದೂ ಸೇರಿಸಿದರು. ಲಿಫ್ಟು ನೆಲಮಹಡಿಗೆ ಬಂದು ಬಾಗಿಲು ತೆರೆದರೂ ಯಾರೂ ಇಳಿಯಲಿಲ್ಲ.

ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು ಎನ್ನುತ್ತಾರೆ. ಈ ಮಾತು ಹೋಗುವುದಕ್ಕೆ ಒಂದು ತಾಸೂ ಹಿಡಿಯಲಿಲ್ಲ. ಬಂಡೆಪ್ಪನವರು ಕೊತ್ತಂಬರಿ ತೆಗೆದುಕೊಂಡು ವಾಪಸು ಬರುವಷ್ಟರಲ್ಲಿ ಸುದ್ದಿ ಮೂರನೆಯ ಮಹಡಿ ಮುಟ್ಟಿತ್ತು. ಸಾವಿತ್ರಿಬಾಯಿಯವರು ಅಟ್ಟದ ಮೇಲಿನಿಂದ ದೊಡ್ಡ ಸೂಟ್‌ಕೇಸು ಇಳಿಸಿ ಒರೆಸುತ್ತಿದ್ದರು. ಗಂಡ ಮಗಳ ಆಟಕ್ಕೆ ದನಿ ಕೊಟ್ಟದ್ದು ಅವರಿಗೆ ಗೊತ್ತೇ ಇತ್ತು. ಆದರೆ ಕ್ವಾರ್ಟರ್ಸಿನಲ್ಲಿ ಮೂವತ್ಮೂರು ವರ್ಷ ಸಂಸಾರ ಮಾಡಿದವರಿಗೆ, ಗೊತ್ತಿರುವುದರ ಹಿಂದೆ ಗೊತ್ತಿಲ್ಲದ್ದೊಂದು ಇದ್ದೇ ಇರುತ್ತದೆ ಎಂಬುದೂ ಗೊತ್ತಿತ್ತು. ಬಂಡೆಪ್ಪನವರು ಬಾಯಿ ತೆರೆಯುವ ಮೊದಲೇ ಅವರು ಕೈಯೆತ್ತಿ ತಡೆದರು.

"ಇಷ್ಟು ವರ್ಷ ಒಳಗ ಏನ್ ಮಾಡ್ತೀರಂತ ನಾ ಕೇಳಿಲ್ಲ. ಈಗೂ ಕೇಳಂಗಿಲ್ಲ. ಸ್ವೆಟರ್ ಬೇಕೋ ಬ್ಯಾಡೋ ಅಷ್ಟ ಹೇಳ್ರಿ."

ಇಂಥ ಹೆಂಡತಿಗೆ ಯಾವ ಮೂರ್ಖ ಸತ್ಯ ಹೇಳಿಯಾನು? ಬಂಡೆಪ್ಪನವರು ಸ್ವೆಟರ್ ಬೇಡ ಎಂದರು.

ಸಂಜೆ ಬಸವಲಿಂಗಪ್ಪನವರು ಬಂದರು. ಇವರು ಅದೇ ಕಾರ್ಖಾನೆಯ ಮಷೀನ್ ಶಾಪಿನಿಂದ ನಿವೃತ್ತರಾದವರು, ಕೂಕಟ್‌ಪಲ್ಲಿಯ ಕನ್ನಡಿಗರ ಸಂಘಕ್ಕೆ ಒಂಬತ್ತು ವರ್ಷದಿಂದ ಅಧ್ಯಕ್ಷರು, ಯಾಕೆಂದರೆ ಬೇರೆ ಯಾರಿಗೂ ಭಾಷಣ ಮಾಡಲು ಅಷ್ಟು ಉಸಿರಿರಲಿಲ್ಲ. ಮುಂದಿನ ತಿಂಗಳ ಮೊದಲ ಭಾನುವಾರ ಬೀಳ್ಕೊಡುಗೆ ಸಮಾರಂಭ ಇಟ್ಟಿದ್ದೇವೆ, ಇಲ್ಲ ಎನ್ನಬಾರದು ಎಂದರು.  ತಲೆಯ ಮೇಲೆ ಚಪ್ಪಡಿ ಎಳೆದುಕೊಂಡದ್ದು ಅರ್ಥವಾಗಿ, ಇಲ್ಲಿಗೇ ಮುಗಿಸಿಬಿಡೋಣವೆಂದು ಬಂಡೆಪ್ಪನವರು ಧೈರ್ಯ ಮಾಡಿದರು.

"ಅದು ನೌಕರಿ ಅಲ್ರಿ ಅಧ್ಯಕ್ಷರೇ. ನಮ್ಮ ಅನುರಾಧಾ ಒಂದು ಆಟ ಮಾಡ್ಯಾಳ. ಅದರಾಗ ನಂದು ಬರೇ ದನಿ ಐತಿ."

ಬಸವಲಿಂಗಪ್ಪನವರು ಎಡಕ್ಕೆ ನೋಡಿದರು, ಬಲಕ್ಕೆ ನೋಡಿದರು, ಎದ್ದುಹೋಗಿ ಕಿಟಕಿ ಮುಚ್ಚಿದರು.

"ಆಟ?"

"ಹೌದ್ರಿ. ಬರೇ ಆಟ."

"ಭಾಳ ಚಲೋ ಹೆಸರು ಇಟ್ಟಾರ," ಎಂದು ಅಧ್ಯಕ್ಷರು ಪಿಸುಗುಟ್ಟಿದರು. ಕಣ್ಣಲ್ಲಿ ನೀರಿತ್ತು. ದೇಶಕ್ಕಾಗಿ ಈ ವಯಸ್ಸಿನಲ್ಲಿ ಇಂಥ ಕೆಲಸ ಒಪ್ಪಿಕೊಂಡದ್ದಷ್ಟೇ ಅಲ್ಲ, ಅದನ್ನು ಮಕ್ಕಳಾಟ ಎಂದು ಮುಚ್ಚಿಡುವ ದೊಡ್ಡತನ ಬೇರೆ. ನಾನು ಸತ್ತರೂ ಬಾಯಿ ಬಿಡುವುದಿಲ್ಲ ಎಂದು ಆಣೆ ಮಾಡಿ ಹೋದರು. ರಾತ್ರಿ ಊಟದ ಹೊತ್ತಿಗೆ, ಬಂಡೆಪ್ಪನವರದು ಗುಪ್ತ ಡ್ಯೂಟಿ ಎಂಬುದು ಗುಪ್ತವಾಗಿ ಎಲ್ಲರಿಗೂ ತಿಳಿಯಿತು.

ಅಲ್ಲಿಂದ ಮುಂದೆ ಬಂಡೆಪ್ಪನವರು ಎಷ್ಟು ಸತ್ಯ ಹೇಳಿದರೋ ಅಷ್ಟು ಸಿಕ್ಕಿಬಿದ್ದರು. ನರ್ಸಿಂಗರಾವ್ ಅವರ ಬಳಿ ಹೋಗಿ ನಾನು ಎಲ್ಲಿಗೂ ಹೋಗುತ್ತಿಲ್ಲ ಎಂದರೆ, ಅವರು ಎದ್ದುನಿಂತು, ಅರ್ಥವಾಯಿತು ಎಂದು ಕಣ್ಣು ಮಿಟುಕಿಸಿ, ತಾವೇ ಲಿಫ್ಟಿನ ಬಾಗಿಲು ಹಿಡಿದು ಕಳಿಸಿಕೊಟ್ಟರು. ಮೋಟಾರಿನ ಗುಂಡಿಯನ್ನು ಈಗ ಕಾರ್ಯದರ್ಶಿಗಳೇ ಒತ್ತುತ್ತಿದ್ದರು. ಹುಮನಾಬಾದಿನಿಂದ ಸಾವಿತ್ರಿಬಾಯಿಯವರ ತಮ್ಮ ಲಿಂಗಣ್ಣ ಫೋನು ಮಾಡಿ, ಎಲ್ಲಿಗೆ ಎಂದು ನಾನು ಕೇಳುವುದಿಲ್ಲ ಮಾಮಾ, ಅಲ್ಲಿ ಜೋಳದ ರೊಟ್ಟಿ ಸಿಗುತ್ತದೋ ಇಲ್ಲವೋ ಅದಷ್ಟು ಹೇಳಿ ಎಂದ.

ಒಂದು ದಿನ ಕಾರ್ಖಾನೆಯಿಂದಲೇ ಕರೆ ಬಂತು. ಹೋದರೆ ಗೇಟಿನಲ್ಲಿ ಹೊಸಬನೊಬ್ಬ ಅವರನ್ನು ತಡೆದು ಎರಡು ಗುರುತಿನ ಚೀಟಿ ಕೇಳಿದ. ತಮ್ಮ ಸಂಕಟದ ನಡುವೆಯೂ ಬಂಡೆಪ್ಪನವರಿಗೆ ಅವನ ಮೇಲೆ ಪ್ರೀತಿ ಉಕ್ಕಿತು. ಇನ್ನೊಂದು ಸಲ ಫೋಟೊ ಮುಖ ತಾಳೆ ನೋಡು ತಮ್ಮಾ ಎಂದು ಹೇಳಿಕೊಟ್ಟು ಒಳಗೆ ಹೋದರು.

ಭದ್ರತೆಯ ಅಧಿಕಾರಿ ಉತ್ತರದ ಕಡೆಯವರು, ಹಾಳೆ ಪೆನ್ನು ಹಿಡಿದು ಕೂತಿದ್ದರು. ವಿದೇಶದಲ್ಲಿ ಡ್ಯೂಟಿಯಂತೆ, ಏನು ಕೆಲಸ ಎಂದು ಹಿಂದಿಯಲ್ಲಿ ಕೇಳಿದರು. ಅಧಿಕಾರಿಯ ಮುಂದೆ ಸುಳ್ಳು ಹೇಳುವ ಅಭ್ಯಾಸ ಬಂಡೆಪ್ಪನವರಿಗಿರಲಿಲ್ಲ. ಸತ್ತವರನ್ನು ತಡೆದು ವಿಚಾರಿಸುವುದು ಸಾಹೇಬರೇ ಎಂದರು. ಅಧಿಕಾರಿಯ ಪೆನ್ನು ನಿಂತಿತು. ಒಟ್ಟು ಎಷ್ಟು ಗೇಟು? ಹನ್ನೆರಡು, ನನ್ನದು ಮೂರನೆಯದು. ಜನ ಹೇಗೆ ಬರುತ್ತಾರೆ? ದೋಣಿಯಲ್ಲಿ, ಕತ್ತಲಲ್ಲಿ. ನಿಮ್ಮ ಮೇಲಿನವರು ಯಾರು? ಹದ್ದಿನ ಮುಖದವರೊಬ್ಬರು, ನರಿಯ ಮುಖದವರೊಬ್ಬರು, ಅವರನ್ನು ನಾನು ಕಂಡಿಲ್ಲ. ಅಧಿಕಾರಿ ಬರೆದ ಹಾಳೆಯನ್ನು ನಿಧಾನವಾಗಿ ಹರಿದು ಜೇಬಿಗೆ ಹಾಕಿಕೊಂಡರು. ನೀವು ಇಲ್ಲಿಗೆ ಬಂದಿಲ್ಲ, ನಾನು ಏನೂ ಕೇಳಿಲ್ಲ ಎಂದು ಹೇಳಿ, ಎದ್ದು ನಿಂತು, ಗೇಟ್ ಪಾಸ್ ವಿಭಾಗದ ನಿವೃತ್ತ ನೌಕರನ ಎರಡೂ ಕೈ ಹಿಡಿದು ಕುಲುಕಿದರು.

ಬಂಡೆಪ್ಪನವರಿಗೂ ಒಳಗೊಳಗೆ ಸ್ವಲ್ಪ ಸುಖವೇ ಆಗಿತ್ತು, ಸುಳ್ಳೇಕೆ. ಕೈ ಕುಲುಕಿಸಿಕೊಳ್ಳುವುದು ಯಾರಿಗೆ ಬೇಡ? ಬೀಳ್ಕೊಡುಗೆ ಆದ ಮೇಲೆ ಎಂಟು ದಿನ ಹುಮನಾಬಾದಿನಲ್ಲಿ ಅಡಗಿದ್ದು, ಕೆಲಸ ರದ್ದಾಯಿತು ಎಂದು ಬಂದರಾಯಿತು ಎಂಬ ಉಪಾಯವನ್ನೂ ಹೊಸೆದಿದ್ದರು. ಆ ಉಪಾಯ ಸಮಾರಂಭದ ಹಿಂದಿನ ದಿನ ಅನುರಾಧಾ ಬರುವವರೆಗೆ ಚೆನ್ನಾಗಿಯೇ ಕಾಣುತ್ತಿತ್ತು.

ಆಟ ಹೊರಬರಲು ಹತ್ತೇ ದಿನವಿತ್ತು. ಕಂಪ್ಯೂಟರ್ ಆಟ ಗೊತ್ತಿಲ್ಲದ ಹಿರಿಯರಿಂದ ಒಮ್ಮೆ ಆಡಿಸಿ ನೋಡಬೇಕೆಂದು ಆಕೆ ತಾನೇ ಬರೆದ ಒಂದು ಚೀಟಿಯನ್ನು ಲಿಫ್ಟಿನಲ್ಲಿ ಅಂಟಿಸಲು ಬಂದಿದ್ದಳು. ಮೂರು ಮಹಡಿಯಲ್ಲಿ ಮನೆಮನೆಗೆ ಹೋಗಿ ಕರೆದಳು. ಎಲ್ಲರೂ ಚಹಾ ಕೊಟ್ಟರು, ಬೆನ್ನು ತಟ್ಟಿದರು, ಅಪ್ಪನ ಗುಟ್ಟು ಕಾಯಲು ನೀನು ಕಟ್ಟಿದ ಕಥೆ ಬಹಳ ಚೆನ್ನಾಗಿದೆ ಎಂದರು. ಆಟವೇ ಇಲ್ಲವಲ್ಲ, ಆಡುವುದೇನನ್ನು? ನರ್ಸಿಂಗರಾವ್ ಅಂತೂ ಈ ಚೀಟಿ ಇಲ್ಲಿದ್ದರೆ ಶತ್ರುಗಳಿಗೆ ಅನುಮಾನ ಬರುತ್ತದೆ ಎಂದು ಕಿತ್ತು ಮಡಚಿ ಆಕೆಯ ಕೈಗೆ ಕೊಟ್ಟಿದ್ದರು.

ಆಕೆ ಮನೆಗೆ ಬಂದು ಆ ಚೀಟಿಯನ್ನು ಊಟದ ಮೇಜಿನ ಮೇಲೆ ಇಟ್ಟಳು. ಜಗಳ ಮಾಡಲಿಲ್ಲ. ಅದೇ ಕೆಟ್ಟದ್ದಾಯಿತು.

"ಅಪ್ಪಾ, ಚಂದ ಇಲ್ಲಾ ಅಂದಿದ್ರ ನಡೀತಿತ್ತು. ಮೂರು ವರ್ಷ ಮಾಡೀನಿ. ಅದು ಇಲ್ಲೇ ಇಲ್ಲ ಅನ್ನಾಕತ್ತಾರ."

ಬಂಡೆಪ್ಪನವರ ಕೈಯಲ್ಲಿದ್ದ ತುತ್ತು ಕೈಯಲ್ಲೇ ಉಳಿಯಿತು. ಹನ್ನೊಂದು ದಿನದ ಬಾತುಕೋಳಿ ನೆನಪಾಯಿತು. ಲೋಕದಲ್ಲಿ ಆ ಆಟವನ್ನು ಎಲ್ಲರಿಗಿಂತ ಹೆಚ್ಚು ಮೆಚ್ಚಿದ ಮನುಷ್ಯನೇ ಅದನ್ನು ಅಳಿಸಿಹಾಕಿದ್ದ. ಅತ್ತು ಬಿಡುತ್ತೇನೋ ಎಂದು ಹೆದರಿ ಅವರು ಕೈತೊಳೆಯಲು ಎದ್ದರು.

ಭಾನುವಾರ ಅಪಾರ್ಟ್‌ಮೆಂಟಿನ ಸಭಾಂಗಣ ತುಂಬಿತ್ತು. ಎಲ್ಲಿಗೆ ಬೀಳ್ಕೊಡುಗೆ ಎಂದು ಬ್ಯಾನರಿನಲ್ಲಿ ಬರೆದಿರಲಿಲ್ಲ, ಭದ್ರತೆಯ ದೃಷ್ಟಿಯಿಂದ. ಲಿಂಗಣ್ಣ ಎರಡು ಡಬ್ಬಿ ಕಡಕ್ ರೊಟ್ಟಿ, ಶೇಂಗಾ ಹಿಂಡಿ ಹೊತ್ತು ಬೆಳಗಿನ ಬಸ್ಸಿಗೆ ಬಂದಿದ್ದ. ಪಕ್ಕದ ಕೋಣೆಯಲ್ಲಿ ಊಟ ಸಿದ್ಧವಾಗಿ, ಎಣ್ಣೆಗಾಯಿಯ ವಾಸನೆ ಸಭೆಯ ದೇಶಭಕ್ತಿಯನ್ನು ಅಲ್ಲಾಡಿಸುತ್ತಿತ್ತು. ಬಸವಲಿಂಗಪ್ಪನವರು ಮುಕ್ಕಾಲು ತಾಸು ಮಾತಾಡಿದರು. ಏನನ್ನೂ ಹೇಳದೆ ಅಷ್ಟು ಹೊತ್ತು ಮಾತಾಡುವುದು ಅವರಿಗೆ ಹೊಸತೇನಲ್ಲ, ಆದರೆ ಅವತ್ತು ಬೇಕೆಂದೇ ಮಾಡಿದ್ದರು.

ಬಂಡೆಪ್ಪನವರು ಮೈಕಿನ ಮುಂದೆ ನಿಂತರು. ನಾನು ಎಲ್ಲಿಗೂ ಹೋಗುತ್ತಿಲ್ಲ, ಜಂಬಕ್ಕೆ ಸುಳ್ಳು ಹೇಳಿದೆ, ಇರುವುದು ಬರೀ ಆಟ, ಅದನ್ನು ಮಾಡಿದವಳು ನನ್ನ ಮಗಳು ಎಂದು ಒಂದೇ ಉಸಿರಿಗೆ ಹೇಳಿದರು. ಸಭೆ ಎದ್ದುನಿಂತು ಚಪ್ಪಾಳೆ ತಟ್ಟಿತು. ಕೊನೆಯ ಕ್ಷಣದಲ್ಲೂ ಗುಟ್ಟು ಬಿಡಲಿಲ್ಲವಲ್ಲ ಎಂದು ಸಾವಿತ್ರಿಬಾಯಿಯವರು ಸೆರಗಿನಿಂದ ಕಣ್ಣೊರೆಸಿಕೊಂಡರು. ಹಿಂದಿನ ಸಾಲಿನಲ್ಲಿ ಅನುರಾಧಾ ತಲೆ ತಗ್ಗಿಸಿ ಕೂತಿದ್ದಳು.

ಅದನ್ನು ನೋಡಿ ಬಂಡೆಪ್ಪನವರು ಮಾತು ಬಿಟ್ಟರು, ತಮಗೆ ಬರುವ ಕೆಲಸ ಮಾಡಿದರು. ವೇದಿಕೆಯಿಂದ ಇಳಿದು ನೆಟ್ಟಗೆ ಊಟದ ಕೋಣೆಯ ಬಾಗಿಲಿಗೆ ಹೋಗಿ, ಎರಡೂ ಕೈ ಅಗಲಿಸಿ ಅಡ್ಡ ನಿಂತರು.

"ಆ ಆಟ ಆಡದ ಒಬ್ಬರೂ ಒಳಗ ಹೋಗಂಗಿಲ್ಲ. ಅಧ್ಯಕ್ಷರು ಮೊದಲ."

ಹಸಿದ ಸಭೆ ಒಂದು ಹೆಜ್ಜೆ ಮುಂದೆ ಬಂತು, ಅವರ ಮುಖ ನೋಡಿ ಎರಡು ಹೆಜ್ಜೆ ಹಿಂದೆ ಹೋಯಿತು. ಅನುರಾಧಾ ಲ್ಯಾಪ್‌ಟಾಪನ್ನು ಸಂಘದ ಪ್ರೊಜೆಕ್ಟರಿಗೆ ಜೋಡಿಸಿದಳು. ಎಣ್ಣೆಗಾಯಿಗಾಗಿ ಏನು ಬೇಕಾದರೂ ಮಾಡುವ ಮನಸ್ಥಿತಿಯಲ್ಲಿದ್ದ ಬಸವಲಿಂಗಪ್ಪನವರು ಮುಂದೆ ಕೂತರು.

ದೀಪಗಳು ಆರಿದವು. ಗೋಡೆಯ ತುಂಬ ಕಪ್ಪು ಹೊಳೆ ಹರಿಯಿತು. ಕುಂಬಾರಗಿತ್ತಿ ದೋಣಿಯಲ್ಲಿ ನಿಂತು ತನ್ನ ಮಣ್ಣಾದ ಕೈಗಳನ್ನು ನೋಡಿಕೊಂಡಳು. ಎರಡೂ ದಡದಲ್ಲಿ ಗೋಡೆಗಳು, ಗೋಡೆಯ ಮೇಲೆ ಸುಗ್ಗಿ ಮಾಡುವವರು, ರೊಟ್ಟಿ ಬಡಿಯುವವರು, ಜೊಂಡಿನ ನಡುವಿನಿಂದ ಹಾರುವ ನೀಲಿ ಬಾತುಕೋಳಿಗಳು. ನಿಶಾಂತನ ತಂತಿವಾದ್ಯ ಎಲ್ಲೋ ದೂರದಲ್ಲಿ ಮಿಡಿಯಿತು. ಲಿಂಗಣ್ಣ ರೊಟ್ಟಿಯ ಡಬ್ಬಿ ಕೆಳಗಿಟ್ಟ. ಇದನ್ನು ಯಾರು ಬರೆದದ್ದು ಎಂದು ನರ್ಸಿಂಗರಾವ್ ಪಕ್ಕದವರನ್ನು ಮೆಲ್ಲಗೆ ಕೇಳಿದರು. ಬಸವಲಿಂಗಪ್ಪನವರು ಮೊದಲ ಬಾಗಿಲು ದಾಟಿದರು, ಎರಡನೆಯದೂ ದಾಟಿದರು, ಎಣ್ಣೆಗಾಯಿ ಮರೆತರು. ದೋಣಿ ಮೂರನೆಯ ಬಾಗಿಲಿಗೆ ತಾಗಿತು. ಕಲ್ಲಿನ ಕತ್ತಲಿನಿಂದ ಒಂದು ದನಿ ಬಂತು.

"ನಿಲ್ರಿ. ಯಾರು ನೀವು? ಯಾರ ಕಡೆ ಹೊಂಟೀರಿ?"

ಬಸವಲಿಂಗಪ್ಪನವರು ಕುರ್ಚಿಯಿಂದ ಎದ್ದುಬಿಟ್ಟರು. ಅವರ ಬಲಗೈ ತಾನೇ ಅಂಗಿಯ ಜೇಬಿಗೆ ಹೋಗಿ, ನಿವೃತ್ತಿಯ ದಿನವೇ ವಾಪಸು ಕೊಟ್ಟ ಗುರುತಿನ ಚೀಟಿಯನ್ನು ಹುಡುಕತೊಡಗಿತು. ಸಭೆಯಲ್ಲಿ ಇನ್ನೂ ಏಳೆಂಟು ಕೈಗಳು ಜೇಬು ತಡಕುತ್ತಿದ್ದವು. ಮೊದಲು ಒಬ್ಬರು ನಕ್ಕರು, ಆಮೇಲೆ ಎಲ್ಲರೂ. ನಗು ನಿಂತಾಗ ನಂಬಿಕೆ ಬಂದಿತ್ತು. ಆಟ ಇತ್ತು. ಮಾಡಿದವಳು ಎದುರಿಗೇ ಇದ್ದಳು. ಜನ ಆಕೆಯನ್ನು ಮುತ್ತಿಕೊಂಡರು. ಆ ಕುಂಬಾರಗಿತ್ತಿಗೆ ಮಕ್ಕಳಿದ್ದವೇ ಎಂದು ಸಾವಿತ್ರಿಬಾಯಿಯವರು ಕೇಳಿದರು. ಹತ್ತೇ ದಿನದಲ್ಲಿ ಹೊರಬರುವುದಾದರೆ ಎಲ್ಲಿ ಸಿಗುತ್ತದೆ, ನಮ್ಮ ಕಂಪ್ಯೂಟರಿನಲ್ಲಿ ನಡೆಯುತ್ತದೆಯೇ ಎಂದು ಎಲ್ಲರೂ ಒಟ್ಟಿಗೆ ಕೇಳಿದರು. ಬಂಡೆಪ್ಪನವರು ಊಟದ ಬಾಗಿಲು ಬಿಟ್ಟು ಬಂದು ಎಷ್ಟೋ ಹೊತ್ತಾಗಿತ್ತು, ಒಬ್ಬರೂ ಒಳಗೆ ಹೋಗಿರಲಿಲ್ಲ.

ಅಧ್ಯಕ್ಷರು ಮಾತ್ರ ಮೂರನೆಯ ಬಾಗಿಲಲ್ಲೇ ನಿಂತಿದ್ದರು. ದೊಡ್ಡವರ ಕಡೆಯವಳು ಎಂಬ ಉತ್ತರ ಆರಿಸಿದರು, ತೆರೆಯಲಿಲ್ಲ. ಕಾಣಿಕೆ ತಂದಿದ್ದೇನೆ, ತೆರೆಯಲಿಲ್ಲ. ಜನ್ಮದಲ್ಲಿ ಒಂದು ತಪ್ಪೂ ಮಾಡಿಲ್ಲ ಎಂದದ್ದಕ್ಕೆ ಒಳಗಿನ ದನಿ ಪಕ್ಕಕ್ಕೆ ನಿಲ್ರಿ ಎಂದಿತು. ಬೆವರು ಒರೆಸಿಕೊಂಡು ಅವರು ಅನುರಾಧಾಳತ್ತ ತಿರುಗಿದರು.

"ಈ ಮನುಷ್ಯಾನ್ನ ದಾಟೂದು ಹ್ಯಾಂಗವಾ?"

"ಸುಳ್ಳು ಹೇಳಬ್ಯಾಡ್ರಿ ಕಾಕಾ, ಅಷ್ಟ. ಅಲ್ಲಿ ಕೂತಾಂವ ನಮ್ಮಪ್ಪ. ಅಂವಾ ಒಂದ ಒಂದು ಸುಳ್ಳು ಪಾಸ್ ಬಿಟ್ಟಾಂವ ಅಲ್ಲ."

ಆಕೆ ಅದನ್ನು ಹಂಗಿಸಿ ಹೇಳಲಿಲ್ಲ, ಮೆಚ್ಚಿ ಹೇಳಿದಳು. ಪಕ್ಕದಲ್ಲೇ ನಿಂತಿದ್ದ ಬಂಡೆಪ್ಪನವರಿಗೆ ಅದನ್ನು ತಡೆದುಕೊಳ್ಳಲಾಗಲಿಲ್ಲ.

"ಬಿಟ್ಟೀನವಾ," ಎಂದರು. "ಹೋದ ತಿಂಗಳ ಒಂದು ಬಿಟ್ಟೀನಿ. ನಂದ."

ಅನುರಾಧಾ ಅಪ್ಪನ ಮುಖ ನೋಡಿದಳು, ಪಕ್ಕಕ್ಕೆ ಸರಿದು ಅವರಿಗೆ ಕುರ್ಚಿ ಕೊಟ್ಟಳು. ಬಸವಲಿಂಗಪ್ಪನವರು ಇಬ್ಬರನ್ನೂ ಒಂದು ಕ್ಷಣ ನೋಡಿ, ಇಷ್ಟು ಹೊತ್ತು ಕಣ್ಣೆತ್ತಿಯೂ ನೋಡದಿದ್ದ ಕೊನೆಯ ಉತ್ತರವನ್ನು ಆರಿಸಿದರು: ನಾನೂ ಸುಳ್ಳು ಹೇಳಿದ್ದೇನೆ. ಕಲ್ಲಿನ ಬಾಗಿಲು ನಡುಗಿ ಪಕ್ಕಕ್ಕೆ ಸರಿಯಿತು, ಒಳಗಿನಿಂದ ಬಂಡೆಪ್ಪನವರದೇ ದನಿ, ಆದರೆ ಈ ಸಲ ಬಹಳ ಮೆತ್ತಗೆ, ಹೋಗ್ರಿ ಎಂದಿತು.